ಅಂಚಿನಿಂದ ನಡುವಿಗೆ: ಕೌದಿಯ ಅಳತೆ ಮತ್ತು ಮೂಲೆಮಟ್ಟದ ವಿಚಾರ

ಕರ್ನಾಟಕದ ಜನಪದ ಭೌತಿಕ ಸಂಸ್ಕೃತಿಯನ್ನು ಕುರಿತ ಬರಹಗಳಲ್ಲಿ ಕೌದಿಯ ಪ್ರಸ್ತಾಪ ಬಂದಾಗ ಅದರ ಬಣ್ಣ, ತುಂಡುಗಳ ಜೋಡಣೆ, ಹಳೆಯ ಬಟ್ಟೆಯ ಮರುಬಳಕೆ, ಹೊಲಿಯುವ ಹೆಣ್ಣುಮಕ್ಕಳ ದುಡಿಮೆ ಇವು ಸಾಮಾನ್ಯವಾಗಿ ಚರ್ಚೆಗೆ ಒಳಗಾಗುತ್ತವೆ. ಅಳತೆಯ ವಿಚಾರ ಮಾತ್ರ ಒಂದೇ ವಾಕ್ಯಕ್ಕೆ ಸೀಮಿತವಾಗುತ್ತದೆ: ಇಷ್ಟು ಉದ್ದ, ಇಷ್ಟು ಅಗಲ. ವಸ್ತುಸಂಗ್ರಹಾಲಯದ ದಾಖಲೆ ಪುಸ್ತಕದಲ್ಲಿಯೂ ಅಳತೆಗೆ ಸಾಮಾನ್ಯವಾಗಿ ಇಷ್ಟೇ ಸ್ಥಳ. ಆದರೆ ಹಳೆಯ ಕೌದಿಯೊಂದನ್ನು ನೆಲದ ಮೇಲೆ ಹಾಸಿ ಟೇಪು ಹಿಡಿದವರಿಗೆ ಒಂದು ತೊಡಕು ಕೂಡಲೇ ಎದುರಾಗುತ್ತದೆ. ಮೇಲಂಚಿನ ಅಗಲ, ನಡುವಿನ ಅಗಲ, ಕೆಳಅಂಚಿನ ಅಗಲ ಈ ಮೂರೂ ಒಂದೇ ಆಗಿರುವುದು ಅಪರೂಪ. ಇವುಗಳಲ್ಲಿ ಯಾವುದನ್ನು ‘ಅಗಲ’ ಎಂದು ಬರೆದುಕೊಳ್ಳಬೇಕು? ಇದು ಬರಿಯ ಗುಮಾಸ್ತಿಕೆಯ ಪ್ರಶ್ನೆಯಂತೆ ಕಂಡರೂ ಕೌದಿ ಹುಟ್ಟುವ ಕ್ರಮಕ್ಕೇ ಸಂಬಂಧಿಸಿದ ಪ್ರಶ್ನೆಯಾಗಿದೆ. ಕೌದಿಯಲ್ಲಿ ಅಂಚೇ ಮೊದಲ ಅಳತೆ, ಉಳಿದುದೆಲ್ಲ ಅದಕ್ಕೆ ಒಳಪಟ್ಟು ಬರುತ್ತದೆ ಎಂಬುದನ್ನು ಪ್ರಸ್ತುತ ಲೇಖನ ಪ್ರತಿಪಾದಿಸಲು ಉದ್ದೇಶಿಸಿದೆ.

ಮೊದಲಿಗೆ ಪದಗಳ ಸ್ಪಷ್ಟನೆ. ಉತ್ತರ ಕರ್ನಾಟಕದ ಕೌದಿ ಅಥವಾ ಕವದಿ, ಉತ್ತರ ಕನ್ನಡ ಜಿಲ್ಲೆಯ ಸಿದ್ದಿಯರ ಕವಂದಿ, ಮರಾಠಿಯ ಗೋಧಡಿ ಮತ್ತು ವಾಕಳ, ತೆಲುಗಿನ ಬೊಂತ ಇವೆಲ್ಲ ಹಳೆಯ ಬಟ್ಟೆಯ ಪದರಗಳನ್ನು ಸಾಲು ಹೊಲಿಗೆಯಿಂದ ಬಿಗಿದು ಮಾಡಿದ ಹಾಸಿಗೆ ಹೊದಿಕೆಗಳು. ಸಂಸ್ಕೃತದ ಕಂಥಾ, ಕನ್ನಡದ ಕಂತೆ, ಬಂಗಾಳದ ಕಾಂಥಾ ಇದೇ ಬಳಗಕ್ಕೆ ಸೇರಿದವು. ಇಲ್ಲಿ ‘ಚೌಕವಾಗಿರುವುದು’ ಎಂದರೆ ನಾಲ್ಕೂ ಬದಿ ಸಮನಾಗಿರಬೇಕೆಂದು ಅರ್ಥವಲ್ಲ. ಎದುರುಬದುರು ಅಂಚುಗಳು ಸರಿಸಮವಾಗಿದ್ದು, ಮೂಲೆಗಳು ನೇರವಾಗಿ ನಿಲ್ಲಬೇಕು. ಗೌಂಡಿಗಳು ಗೋಡೆ ಕೂಡುವಲ್ಲಿ ಮೂಲೆಮಟ್ಟ ಹಿಡಿದು ನೋಡುವುದು ಇದನ್ನೇ. ಕೌದಿ ಹೊಲಿಯುವವರ ಕೈಯಲ್ಲಿ ಅಂಥ ಸಲಕರಣೆ ಇರುವುದಿಲ್ಲ. ಆದರೂ ಕೌದಿ ಸೊಟ್ಟಾಗದಂತೆ ನೋಡಿಕೊಳ್ಳುವ ವಿಧಾನ ಅವರಿಗೆ ತಿಳಿದಿದೆ.

ಬಟ್ಟೆ ಸೊಟ್ಟಾಗುವುದಕ್ಕೆ ಕಾರಣ ನೇಯ್ಗೆಯಲ್ಲಿಯೇ ಇದೆ. ಮಗ್ಗದ ಮೇಲೆ ಬಿಗಿದು ಕಟ್ಟಿದ ಹಾಸುನೂಲಿನ ದಿಕ್ಕಿಗೆ ಬಟ್ಟೆ ಹೆಚ್ಚು ಜಗ್ಗುವುದಿಲ್ಲ. ಹೊಕ್ಕುನೂಲಿನ ದಿಕ್ಕಿಗೆ ತುಸು ಜಗ್ಗುತ್ತದೆ. ಎರಡೂ ನೂಲುಗಳಿಗೆ ಓರೆಯಾಗಿ ಎಳೆದರೆ ಬಹಳಷ್ಟು ಜಗ್ಗುತ್ತದೆ. ಕತ್ತರಿಯಿಂದ ಅಂದಾಜಿನ ಮೇಲೆ ಕತ್ತರಿಸಿದ ತುಂಡಿನ ಅಂಚು ಬಹುಮಟ್ಟಿಗೆ ಓರೆಯಾಗಿಯೇ ಇರುತ್ತದೆ. ಅಂಥ ಹತ್ತಾರು ತುಂಡುಗಳನ್ನು ಜೋಡಿಸಿದಾಗ ಹೊರ ಅಂಚು ಕೈ ತಾಗಿದಷ್ಟೂ ಹಿಗ್ಗುತ್ತ ಹೋಗುತ್ತದೆ. ಇದಕ್ಕೆ ವಿರುದ್ಧವಾಗಿ ಸಾಲು ಹೊಲಿಗೆ ಬಟ್ಟೆಯನ್ನು ಕುಗ್ಗಿಸುತ್ತದೆ. ದಾರ ಮೇಲೆ ಕೆಳಗೆ ಹಾಯುತ್ತ ಪದರಗಳನ್ನು ಎಳೆದುಕೊಳ್ಳುವುದರಿಂದ ಪ್ರತಿ ಸಾಲಿಗೂ ಬಟ್ಟೆ ಒಂದಿಷ್ಟು ಸೇದಿಕೊಳ್ಳುತ್ತದೆ. ಹಿಗ್ಗುವಿಕೆ ಮತ್ತು ಕುಗ್ಗುವಿಕೆ ಇವೆರಡರ ನಡುವಿನ ಲೆಕ್ಕ ತಪ್ಪಿದರೆ ಅಂಚು ಅಲೆಯಲೆಯಾಗಿ ಏಳುತ್ತದೆ, ಇಲ್ಲವೇ ನಡುಭಾಗ ಬಟ್ಟಲಿನಂತೆ ಉಬ್ಬುತ್ತದೆ. ತುಂಡುಬಟ್ಟೆಯ ಹೊದಿಕೆ ಮಾಡುವ ಎಲ್ಲ ನಾಡಿನವರೂ ಈ ತೊಡಕನ್ನು ಎದುರಿಸಿದ್ದಾರೆ. ಪರಿಹಾರಗಳು ಮಾತ್ರ ಬೇರೆ ಬೇರೆ.

ಇಂಗ್ಲೆಂಡ್ ಮತ್ತು ಅಮೆರಿಕಾದ ಪದ್ಧತಿಯನ್ನು ಹೋಲಿಕೆಗಾಗಿ ನೋಡಬಹುದು. ಅಲ್ಲಿ ಹದಿನೆಂಟನೆಯ ಶತಮಾನದ ಕೊನೆ ಮತ್ತು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನಡುವೆ ಒಂದು ಚಿತ್ರದ ಬಟ್ಟೆಯನ್ನು ಇಟ್ಟು, ಅದರ ಸುತ್ತ ಒಂದರ ಹೊರಗೆ ಒಂದರಂತೆ ಪಟ್ಟಿಗಳನ್ನು ಸೇರಿಸುವ ಮಾದರಿ ಬಳಕೆಯಲ್ಲಿತ್ತು. ಈ ವಿನ್ಯಾಸಕ್ಕೂ ಭಾರತಕ್ಕೂ ನಂಟಿಲ್ಲದೆ ಇಲ್ಲ. ಕೋರಮಂಡಲ ತೀರದಿಂದ ಯುರೋಪಿಗೆ ಹೋಗುತ್ತಿದ್ದ ಪಲಂಗಪೋಷಗಳಲ್ಲಿ ನಡುಚಿತ್ರ ಮತ್ತು ಸುತ್ತಂಚು ಎಂಬ ವಿಭಾಗ ಸ್ಪಷ್ಟವಾಗಿತ್ತು. ಅದಕ್ಕೂ ಮೊದಲು ಪೋರ್ಚುಗೀಸರು ಬಂಗಾಳದ ಸಾತಗಾಂವ್ ಕಡೆಯಿಂದ ಕೊಂಡೊಯ್ದ ಕಸೂತಿ ಹೊದಿಕೆಗಳಲ್ಲಿಯೂ ಇದೇ ವಿಭಾಗ ಕಾಣುತ್ತದೆ. ನಡುವಿನಿಂದ ಹೊರಕ್ಕೆ ಬೆಳೆಯುವ ಹೊದಿಕೆಯಲ್ಲಿ ಪ್ರತಿ ಸುತ್ತಿನ ತಪ್ಪೂ ಮುಂದಿನ ಸುತ್ತಿಗೆ ದಾಟುತ್ತದೆ. ಕೊನೆಗೆ ಅದೆಲ್ಲ ಹೊರ ಅಂಚಿನಲ್ಲಿ ಬಂದು ನಿಲ್ಲುತ್ತದೆ. ಆದ್ದರಿಂದ ಅಲ್ಲಿನ ಹೊಲಿಗೆಯವರು ಒಂದು ನಿಯಮ ರೂಢಿಸಿಕೊಂಡಿದ್ದಾರೆ. ಪಟ್ಟಿಯ ಉದ್ದವನ್ನು ಅಂಚಿನ ಮೇಲೆ ಅಳೆಯದೆ, ಹೊದಿಕೆಯ ನಡುವೆ ಹಾಯಿಸಿ ಅಳೆಯಬೇಕು ಅಥವಾ ಮೂರು ಕಡೆ ಅಳೆದು ಸರಾಸರಿ ಹಿಡಿಯಬೇಕು. ನಡುವಿನ ಅಳತೆ 150 ಸೆಂ.ಮೀ. ಇದ್ದು ಅಂಚು ಹಿಗ್ಗಿ 154 ಸೆಂ.ಮೀ. ಆಗಿದ್ದರೆ, ಪಟ್ಟಿಯನ್ನು 154ಕ್ಕೆ ಕತ್ತರಿಸಿದವರು ಆ 4 ಸೆಂ.ಮೀ. ಹೆಚ್ಚಳವನ್ನು ಶಾಶ್ವತಗೊಳಿಸಿದಂತೆ. ಅದು ಅಲೆಯಾಗಿ ಉಳಿಯುತ್ತದೆ. 150ಕ್ಕೆ ಕತ್ತರಿಸಿ, ಪಟ್ಟಿಯ ಅರ್ಧ ಮತ್ತು ಕಾಲುಭಾಗಗಳನ್ನು ಅಂಚಿನ ಅರ್ಧ, ಕಾಲುಭಾಗಗಳಿಗೆ ಕೂಡಿಸಿ ಗುಂಡುಸೂಜಿ ಚುಚ್ಚಿದರೆ, ಹೆಚ್ಚಿನ ಬಟ್ಟೆ ಉದ್ದಕ್ಕೂ ಹಂಚಿಹೋಗಿ ಅಂಚು ಹತೋಟಿಗೆ ಬರುತ್ತದೆ. 1979ರಲ್ಲಿ ಜಪಾನಿನ ಓಲ್ಫಾ ಕಂಪನಿ ಹೊರತಂದ ಗಾಲಿಯಾಕಾರದ ಕತ್ತಿಯ ಬಳಕೆ ಹೆಚ್ಚಿದ ಮೇಲೆ ಪಟ್ಟಿಗಳನ್ನು ಅಳತೆಪಟ್ಟಿಗೆ ಒತ್ತಿ ನಿಖರವಾಗಿ ಕತ್ತರಿಸುವುದು ಅಲ್ಲಿ ಸುಲಭವಾಯಿತು. ಒಟ್ಟಿನಲ್ಲಿ ಅಂಚು ಅಲ್ಲಿ ಕೊನೆಯ ತಿದ್ದುಪಡಿ.

ಕೌದಿಯ ಕ್ರಮ ಇದಕ್ಕೆ ತಿರುವುಮುರುವು. ಇದನ್ನು ತಿಳಿಯಲು ಸೀರೆಯಿಂದಲೇ ಆರಂಭಿಸಬೇಕು. ಉತ್ತರ ಕರ್ನಾಟಕದಲ್ಲಿ ಇಳಕಲ್ಲ ಸೀರೆಯ ದಡಿ ಮತ್ತು ಒಡಲು ಬೇರೆ ಬೇರೆ ನೂಲಿನವು. ಒಡಲು ಹತ್ತಿಯದಾದರೆ ದಡಿಯ ಹಾಸಿಗೆ ರೇಷ್ಮೆ ಅಥವಾ ಕೃತಕ ರೇಷ್ಮೆ. ವರ್ಷಗಟ್ಟಲೆ ಉಟ್ಟು ಒಗೆದ ಸೀರೆಯಲ್ಲಿ ಒಡಲು ಜೀರ್ಣವಾದರೂ ದಡಿ ಗಟ್ಟಿಯಾಗಿ ಉಳಿದಿರುತ್ತದೆ. ಮಗ್ಗದ ಮೇಲೆ ನೇರವಾಗಿ ಬಂದ ಈ ದಡಿಯೇ ಕೌದಿ ಹೊಲಿಯುವವಳ ಅಳತೆಪಟ್ಟಿ. ಬಂಗಾಳದಲ್ಲಿ ಸೀರೆಯಂಚಿನ ಬಣ್ಣದ ಎಳೆಗಳನ್ನು ಬಿಡಿಸಿಕೊಂಡು ಕಾಂಥಾ ಹೊಲಿಯುವ ರೂಢಿ ಇತ್ತು. ಸ್ಟೆಲ್ಲಾ ಕ್ರಾಮ್ರಿಶ್ 1939ರಷ್ಟು ಹಿಂದೆಯೇ ಕಾಂಥಾವನ್ನು ಕುರಿತು ಪ್ರತ್ಯೇಕ ಪ್ರಬಂಧ ಬರೆದುದರಿಂದ ಆ ಕಲೆಗೆ ವಿದ್ವತ್ ವಲಯದಲ್ಲಿ ಬೇಗ ಸ್ಥಾನ ದೊರೆಯಿತು. ಕೌದಿಗೆ ಆ ಭಾಗ್ಯ ತಡವಾಗಿ ಬಂದಿತು. ಅಲ್ಲಿ ಸೀರೆಯಂಚು ಎಳೆಯನ್ನು ಕೊಟ್ಟಿತು, ಇಲ್ಲಿ ಪಟ್ಟಿಯನ್ನು ಕೊಟ್ಟಿತು.

ಹಳೆಯ ತಲೆಮಾರಿನ ಹೆಂಗಸರು ಉಡುತ್ತಿದ್ದ ಹದಿನಾರು ಮೊಳದ ಸೀರೆಯ ಲೆಕ್ಕವನ್ನೇ ನೋಡಿ. ಮೊಳಕ್ಕೆ ಒಂದೂವರೆ ಅಡಿಯಂತೆ ಅದು 8 ವಾರು, ಅಂದರೆ ಸುಮಾರು 7.3 ಮೀಟರ್. ನಾಲ್ಕು ನಾಲ್ಕು ಮೊಳಕ್ಕೆ ಹರಿದರೆ ನಾಲ್ಕು ಹರವುಗಳಾಗುತ್ತವೆ. ಸೀರೆಯ ಪನ್ನ ಸುಮಾರು 115 ಸೆಂ.ಮೀ. ಎಂದು ಹಿಡಿದರೆ, ಎರಡೆರಡನ್ನು ಪಕ್ಕಪಕ್ಕಕ್ಕೆ ಕೂಡಿಸಿದಾಗ ಉದ್ದ 1.8 ಮೀಟರ್, ಅಗಲ 2.3 ಮೀಟರಿನಷ್ಟಿರುವ ಎರಡು ಪದರ ಸಿದ್ಧವಾಗುತ್ತದೆ. ‘ಹರಿದರೆ’ ಎಂಬ ಮಾತನ್ನು ಇಲ್ಲಿ ಗಮನಿಸಬೇಕು. ಹತ್ತಿಯ ಸಾದಾ ನೇಯ್ಗೆಯನ್ನು ಅಂಚಿನಲ್ಲಿ ತುಸು ಕಚ್ಚು ಮಾಡಿ ಹರಿದರೆ ಅದು ಒಂದೇ ಎಳೆಯ ಗುಂಟ ಸೀಳುತ್ತದೆ. ಯಾವ ಕತ್ತರಿಯೂ ಇಷ್ಟು ನೇರವಾಗಿ ಹೋಗದು. ಹೀಗೆ ಎರಡು ಬದಿಗೆ ದಡಿಯ ನೇರ, ಎರಡು ಬದಿಗೆ ಹರಿತದ ನೇರ ದೊರೆತು, ಹೊಲಿಗೆ ಆರಂಭವಾಗುವ ಮೊದಲೇ ತಳದ ಬಟ್ಟೆ ಮೂಲೆಮಟ್ಟಕ್ಕೆ ಬಂದಿರುತ್ತದೆ.

ಆ ಮೇಲೆ ತಳದ ಬಟ್ಟೆಯನ್ನು ನೆಲಕ್ಕೆ ಹಾಸಿ, ಸುಕ್ಕು ತೆಗೆದು, ಅಂಚನ್ನು ಒಳಕ್ಕೆ ಮಡಿಸಿ ಒಂದು ಮೂಲೆಯಿಂದ ಹೊಲಿಗೆ ಹಿಡಿಯುತ್ತಾರೆ. ಮೊದಲ ಸುತ್ತು ಹೊರ ಅಂಚಿನ ಗುಂಟ ಪೂರ್ತಿ ಬರುತ್ತದೆ. ಎರಡನೆಯ ಸುತ್ತು ಅದರ ಒಳಗೆ, ಮೂರನೆಯದು ಅದರೊಳಗೆ. ಸುತ್ತು ಮುಂದುವರಿದಂತೆ ತುಂಡುಗಳನ್ನು ಒಂದರ ಅಂಚಿನ ಕೆಳಗೆ ಒಂದನ್ನು ಸಿಕ್ಕಿಸುತ್ತ ಹೊಲಿಗೆ ನಡುವಿನ ಕಡೆಗೆ ಸರಿಯುತ್ತದೆ. ಸಿದ್ದಿಯರ ಕವಂದಿಯಲ್ಲಿ ಈ ಕ್ರಮ ಚೆನ್ನಾಗಿ ದಾಖಲಾಗಿದೆ. ಧಾರವಾಡ, ಬೆಳಗಾವಿ ಭಾಗದ ಕೌದಿಗಳಲ್ಲಿಯೂ ಗಡಿಯಾಚೆಯ ಗೋಧಡಿಗಳಲ್ಲಿಯೂ ಅಂಚಿಗೆ ಸಮಾನವಾಗಿ ಸುತ್ತುವ ಹೊಲಿಗೆಯ ಸಾಲುಗಳು ಕಾಣಸಿಗುತ್ತವೆ. ತುಂಡುಗಳ ಮೇಲ್ಪದರವನ್ನು ಮೊದಲು ಜೋಡಿಸಿ, ಅಂಚು ಸೇರಿಸಿ, ಆಮೇಲೆ ಉದ್ದಕ್ಕೆ ನೇರ ಸಾಲಿನಲ್ಲಿ ಹೊಲಿಯುವ ಸಿಂಧ್ ಮತ್ತು ಕಚ್ ಪ್ರದೇಶದ ರಲ್ಲಿಗಿಂತ ಇದು ಭಿನ್ನ.

ಈ ಕ್ರಮದ ಪರಿಣಾಮವನ್ನು ವಿವೇಚಿಸಬೇಕು. ಹೊರ ಸುತ್ತು ಮೊದಲೇ ಬಿಗಿಯಾಗಿರುವುದರಿಂದ ಮುಂದಿನ ಹೊಲಿಗೆ ಅದನ್ನು ಹಿಗ್ಗಿಸಲಾರದು. ತುಂಡುಗಳ ಓರೆ, ಕೈಯ ಬಿಗಿ ಸಡಿಲ, ಪದರಗಳ ಜಾರಾಟ ಎಲ್ಲವೂ ಸುತ್ತು ಸುತ್ತಿಗೂ ಒಳಕ್ಕೆ ತಳ್ಳಲ್ಪಡುತ್ತವೆ. ನಡುವೆ ಉಳಿದ ಕಿಂಡಿಯನ್ನು ಅದು ಇದ್ದ ಆಕಾರಕ್ಕೇ ಒಂದು ತುಂಡಿನಿಂದ ಮುಚ್ಚಲಾಗುತ್ತದೆ. ಪಾಶ್ಚಾತ್ಯ ಹೊದಿಕೆಯಲ್ಲಿ ಅಂಚಿಗೆ ಹೋಗಿ ನಿಲ್ಲುವ ತಪ್ಪು ಕೌದಿಯಲ್ಲಿ ನಡುವಿಗೆ ಬಂದು ಅಡಗುತ್ತದೆ. ಆದ್ದರಿಂದ ಕೌದಿಯ ಕೊನೆಯ ತುಂಡು ಸಂಶೋಧಕರಿಗೆ ಮಹತ್ವದ ಆಕರ. ಅದು ಅಚ್ಚುಕಟ್ಟಾದ ಆಯತವಾಗಿದ್ದರೆ ಸುತ್ತುಗಳು ಸಮನಾಗಿ ಬಂದಿವೆ. ಬೆಣೆಯಂತೆ ಒಂದು ಕಡೆ ಸಣ್ಣಗಾಗಿದ್ದರೆ ಯಾವ ಬದಿಯಲ್ಲಿ ಸಾಲುಗಳು ಹಿಂದುಳಿದವೆಂದು ಹೇಳಬಹುದು. ಇಬ್ಬರು ಎದುರುಬದುರಾಗಿ ಕುಳಿತು ಹೊಲಿದ ಕೌದಿಯಲ್ಲಿ ಎರಡು ಕೈಗಳ ವ್ಯತ್ಯಾಸವೂ ಇಲ್ಲಿ ಗೋಚರಿಸಬೇಕು. ಕೌದಿಯ ಚಿತ್ರ ತೆಗೆಯುವವರು ಸಾಮಾನ್ಯವಾಗಿ ಬಣ್ಣದ ಮೆರುಗನ್ನು ಹಿಡಿಯಲು ಹೋಗಿ ಈ ಭಾಗವನ್ನು ಸಮೀಪದಿಂದ ತೆಗೆಯುವುದೇ ಇಲ್ಲ ಎಂಬುದು ವಿಷಾದದ ಸಂಗತಿ.

ಇನ್ನು ಅಳತೆಯ ಮಾನಗಳು. ಬೆರಳು, ಚೋಟು, ಗೇಣು, ಮೊಳ, ಮಾರು ಇವೇ ಕೌದಿಯ ಮಾನಗಳು. ಹನ್ನೆರಡು ಬೆರಳಿಗೆ ಒಂದು ಗೇಣು, ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು ಎಂಬ ಲೆಕ್ಕ ಜನಬಳಕೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಹನ್ನೆರಡು ಅಂಗುಲಕ್ಕೆ ವಿತಸ್ತಿ, ಇಪ್ಪತ್ತನಾಲ್ಕಕ್ಕೆ ಅರತ್ನಿ ಎಂಬ ವಿಭಾಗ ಇದೆ. ಕೈ ಮೊಳ ಆಳಿನಿಂದ ಆಳಿಗೆ ಬೇರೆಯಾಗುತ್ತದೆ, ಆದ್ದರಿಂದ ಅದು ಅನಿಖರ ಎಂಬ ಆಕ್ಷೇಪ ಅಂಗಡಿಯಲ್ಲಿ ಸರಿ. ಒಂದೇ ಕೌದಿಯ ನಾಲ್ಕು ಬದಿಗಳನ್ನು ಒಬ್ಬಳೇ ತನ್ನ ಕೈಯಿಂದ ಅಳೆಯುವಾಗ ಆ ಆಕ್ಷೇಪ ನಿಲ್ಲುವುದಿಲ್ಲ. ಅಲ್ಲದೆ ಹೊದ್ದುಕೊಳ್ಳುವ ವಸ್ತುವಿಗೆ ಮೈಯ ಅಳತೆಯೇ ಸಹಜ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಗಾದೆ ಹೇಳಿದರೂ, ಕೌದಿ ಹೊಲಿಯುವವಳು ಚಾಚುವ ಕಾಲನ್ನು ನೋಡಿಯೇ ಹಾಸಿಗೆಯನ್ನು ನಿರ್ಧರಿಸುತ್ತಾಳೆ. ಕೂಸಿನ ಕೌದಿ, ಒಬ್ಬರ ಕೌದಿ, ಮನೆಮಂದಿಯೆಲ್ಲ ಮಲಗುವ ಕೌದಿ ಎಂದು ಅಳತೆಗಳು ಬೇರೆಯಾಗುವುದು ಹೀಗೆ.

ಮೂಲೆಮಟ್ಟವನ್ನು ಪರೀಕ್ಷಿಸುವ ಬಗೆ ಮಡಿಕೆ. ತಳದ ಬಟ್ಟೆಯನ್ನು ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಮಡಿಸಿ ಅಂಚಿಗೆ ಅಂಚು, ಮೂಲೆಗೆ ಮೂಲೆ ಕೂಡುತ್ತದೆಯೇ ಎಂದು ನೋಡುವುದು. ಮೇಲ್ನೋಟಕ್ಕೆ ಒರಟೆಂದು ಕಾಣುವ ಈ ವಿಧಾನ ನಾಲ್ಕು ಬದಿಗೆ ಟೇಪು ಹಿಡಿಯುವುದಕ್ಕಿಂತ ಸೂಕ್ಷ್ಮವಾದುದು. ಉದಾಹರಣೆಗೆ 150 ಸೆಂ.ಮೀ. ಅಗಲ, 200 ಸೆಂ.ಮೀ. ಉದ್ದದ ಹೊದಿಕೆಯ ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದರೆ ಎರಡೂ ಕಡೆ 250 ಸೆಂ.ಮೀ. ಬರಬೇಕು. ಹೊದಿಕೆ ಒಂದು ಪಕ್ಕಕ್ಕೆ ವಾಲಿದಾಗ ಒಂದು ಓರೆ 254, ಇನ್ನೊಂದು ಸುಮಾರು 246 ಆಗುತ್ತದೆ. ಆಗಲೂ ಬದಿಗಳ ಅಳತೆ 150 ಮತ್ತು 200 ಆಗಿಯೇ ಉಳಿಯುತ್ತದೆ. ಬದಿಗಳನ್ನಷ್ಟೇ ಅಳೆದವರಿಗೆ ಈ ವಾಲಿಕೆ ತಿಳಿಯುವುದೇ ಇಲ್ಲ. ಉದ್ದದ ಅಂಚುಗಳನ್ನು ಕೂಡಿಸಿ ಮಡಿಸಿದರೆ ಮೂಲೆಗಳು ಒಂದರಿಂದ ಒಂದು ಸುಮಾರು 5 ಸೆಂ.ಮೀ. ಜಾರಿ ನಿಲ್ಲುವುದರಿಂದ ತಪ್ಪು ಕಣ್ಣಿಗೇ ಕಾಣುತ್ತದೆ. ಆಯತದ ಕರ್ಣವನ್ನು ಕುರಿತು ಬೌಧಾಯನ ಶುಲ್ಬಸೂತ್ರದಲ್ಲಿ ಹೇಳಿದೆಯೆಂಬ ಕಾರಣಕ್ಕೆ ಕೌದಿಯ ಹಿಂದೆ ಶುಲ್ಬಗಣಿತವಿದೆ ಎಂದು ಹೊಗಳುವ ಅಗತ್ಯವಿಲ್ಲ. ಮಡಿಕೆಗೆ ಸಂಖ್ಯೆಯೇ ಬೇಕಿಲ್ಲ, ಅದೇ ಅದರ ಬಲ. ಇದೇ ಪ್ರದೇಶದ, ಇದೇ ಇಳಕಲ್ಲ ಸೀರೆಯ ಮೇಲಿನ ಕಸೂತಿ ಪೂರ್ತಿಯಾಗಿ ಎಳೆಯೆಣಿಕೆಯ ಕಲೆಯಾಗಿರುವಾಗ, ಕೌದಿ ಎಣಿಕೆಯನ್ನು ಬಿಟ್ಟು ಮಡಿಕೆಯನ್ನು ನಂಬಿದೆ. ಒಂದೇ ಸಮಾಜದ ಹೆಂಗಸರು ಎರಡು ಬಗೆಯ ಗಣಿತವನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡಿದ್ದರು ಎಂಬುದು ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದ ವಿಷಯ.

ಸಿದ್ದಿ ಕವಂದಿಯ ಚರ್ಚೆಯಲ್ಲಿ ಅಂಚಿನ ಪ್ರಶ್ನೆ ಇನ್ನೊಂದು ರೂಪ ಪಡೆಯುತ್ತದೆ. ಗೋವೆಯ ಪೋರ್ಚುಗೀಸರ ಆಳ್ವಿಕೆಯಲ್ಲಿ ಗುಲಾಮರಾಗಿ ತರಲ್ಪಟ್ಟು, ತಪ್ಪಿಸಿಕೊಂಡು ಕಾಡು ಸೇರಿದ ಆಫ್ರಿಕಾ ಮೂಲದವರ ಸಂತತಿಯೇ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿಯರು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿಚಾರ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅಮೆರಿಕಾದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಅವರ ನೆರವಿನಿಂದ 2004ರಲ್ಲಿ ಸಿದ್ದಿ ಮಹಿಳೆಯರ ಕವಂದಿ ಸಹಕಾರ ಸಂಘಟನೆ ರೂಪುಗೊಂಡಿತು. ಅವರ ಬರಹಗಳ ಮೂಲಕವೇ ಕವಂದಿ ಹೊರದೇಶಗಳಲ್ಲಿ ಪರಿಚಿತವಾಯಿತು. ಆ ವೇಳೆಗೆ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬಲ್ಲಿನ ಆಫ್ರಿಕನ್ ಅಮೆರಿಕನ್ ಮಹಿಳೆಯರ ತುಂಡುಹೊದಿಕೆಗಳು 2002ರ ಪ್ರದರ್ಶನಗಳಿಂದ ಹೆಸರಾಗಿದ್ದವು. ಎರಡರಲ್ಲಿಯೂ ದಿಟ್ಟ ಬಣ್ಣ, ಅಸಮ ತುಂಡು, ಅಳತೆಗೆ ಜಗ್ಗದ ಸಾಲು ಇರುವುದರಿಂದ ಹೋಲಿಸುವ ಆಸೆ ಯಾರಿಗಾದರೂ ಸಹಜ.

ಹೋಲಿಕೆಯನ್ನು ಎಚ್ಚರದಿಂದ ಮಾಡಬೇಕು. ಗೀಸ್ ಬೆಂಡಿನ ಪ್ರಸಿದ್ಧ ‘ಹೌಸ್‌ಟಾಪ್’ ಮಾದರಿ ನಡುವಿನ ಒಂದು ತುಂಡಿನಿಂದ ಹೊರಟು ಪಟ್ಟಿಯ ಮೇಲೆ ಪಟ್ಟಿ ಸೇರುತ್ತ ಹೊರಕ್ಕೆ ಬೆಳೆಯುವಂಥದು. ಕವಂದಿ ಅಂಚಿನಿಂದ ಒಳಕ್ಕೆ ಬರುತ್ತದೆ. ಕಣ್ಣಿಗೆ ಒಂದರೊಳಗೊಂದು ಆಯತಗಳಾಗಿ ಎರಡೂ ಒಂದೇ ತೆರನಾಗಿ ಕಂಡರೂ ಕೈಯ ನಡೆ ವಿರುದ್ಧ ದಿಕ್ಕಿನದು. ಪಶ್ಚಿಮ ಆಫ್ರಿಕಾದ ಪಟ್ಟಿನೇಯ್ಗೆಯನ್ನು ಆಧಾರವಾಗಿಟ್ಟುಕೊಂಡ ವಾದಗಳನ್ನು, ಮುಖ್ಯವಾಗಿ ಪೂರ್ವ ಆಫ್ರಿಕಾದಿಂದ ಬಂದ ಸಿದ್ದಿಯರಿಗೆ ನೇರವಾಗಿ ಅನ್ವಯಿಸುವುದೂ ಸುಲಭವಲ್ಲ. ಅಂಚಿನಿಂದ ಒಳಬರುವ ಹೊಲಿಗೆ ಸಿದ್ದಿಯರಿಗೂ ನೆರೆಯ ಕೌದಿ, ಗೋಧಡಿಗಳಿಗೂ ಸಮಾನವಾಗಿರುವುದರಿಂದ ಅದನ್ನು ಪ್ರದೇಶದ ತಂತ್ರವೆಂದು ಪರಿಗಣಿಸುವುದೇ ನನ್ನ ದೃಷ್ಟಿಯಲ್ಲಿ ಉಚಿತ. ಹಾಗೆಂದ ಮಾತ್ರಕ್ಕೆ ಕವಂದಿಯಲ್ಲಿ ಸಿದ್ದಿಯರದೇ ಆದುದು ಇಲ್ಲವೆಂದಲ್ಲ. ಅದನ್ನು ಹುಡುಕಬೇಕಾದುದು ಮೂಲೆಯಲ್ಲಿ. ನಾಲ್ಕೂ ಮೂಲೆಗಳಲ್ಲಿ ಬಣ್ಣದ ಬಟ್ಟೆಯನ್ನು ಪದರ ಪದರವಾಗಿ ತ್ರಿಕೋನಕ್ಕೆ ಮಡಿಸಿ ಹೊರಚಾಚುವಂತೆ ಇಡುವ ‘ಫೂಲ’, ಅಂದರೆ ಹೂವು, ಸಿದ್ದಿ ಕವಂದಿಯಲ್ಲಿ ಎದ್ದು ಕಾಣುವ ಲಕ್ಷಣ. ಅದಿಲ್ಲದ ಕವಂದಿ ಬೆತ್ತಲೆ ಎಂಬ ಭಾವನೆಯನ್ನು ಡ್ರೂವಾಲ್ ದಾಖಲಿಸಿದ್ದಾರೆ. ಕ್ರೈಸ್ತ ಸಿದ್ದಿಯರ ಕವಂದಿಗಳಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯರಲ್ಲಿ ಅರ್ಧಚಂದ್ರ ಬರುವುದುಂಟು. ಮೂಲೆಯ ಹೂವು ಮಾತ್ರ ಈ ಭೇದಗಳನ್ನು ಮೀರಿದ್ದು. ಹಾಸಲು, ಕೊಡವಲು, ಒಣಹಾಕಲು ಕೈ ಹಿಡಿಯುವುದು ಮೂಲೆಯನ್ನೇ, ಮೊದಲು ಜಗ್ಗಿ ಸೊಟ್ಟಾಗುವುದೂ ಮೂಲೆಯೇ. ಹೂವಿನ ಪದರಗಳು ಅಲ್ಲಿ ಬಲವನ್ನೂ ತುಂಬುತ್ತವೆ ಎಂದು ನಾನು ಭಾವಿಸುತ್ತೇನೆ.

ಕಳೆದ ಅರ್ಧ ಶತಮಾನದಲ್ಲಿ ಈ ವ್ಯವಸ್ಥೆ ಸಡಿಲಗೊಂಡಿದೆ. 1956ರ ಕಾಯ್ದೆಯಿಂದ ಬಂದ ಮೆಟ್ರಿಕ್ ಮಾನ ಅಂಗಡಿಯ ಮೊಳವನ್ನು ಕದಲಿಸಿತಾದರೂ ಕೌದಿಯ ಮೊಳವನ್ನು ಅಷ್ಟಾಗಿ ಮುಟ್ಟಲಿಲ್ಲ. ಹೆಚ್ಚಿನ ಬದಲಾವಣೆ ತಂದುದು ಗಿರಣಿಯ ಪಾಲಿಯೆಸ್ಟರ್ ಸೀರೆ ಮತ್ತು ಹೆಣೆದ ಬನಿಯನ್ ಬಟ್ಟೆ. ಹೆಣೆದ ಬಟ್ಟೆ ಎಳೆಯ ಗುಂಟ ಹರಿಯುವುದಿಲ್ಲ, ಎಲ್ಲ ದಿಕ್ಕಿಗೂ ಜಗ್ಗುತ್ತದೆ. ಒಗೆದಾಗ ಹತ್ತಿ ಕುಗ್ಗಿದರೆ ಪಾಲಿಯೆಸ್ಟರ್ ಕುಗ್ಗದೆ ಉಬ್ಬಿ ನಿಲ್ಲುತ್ತದೆ. ಇದರ ಜೊತೆಗೆ ನಗರದ ಗಿರಾಕಿ ಮಂಚದ ಅಳತೆಗೆ ಸರಿಯಾಗಿ, ಅಲೆಯಿಲ್ಲದ ಅಂಚಿನ ಕೌದಿಯನ್ನು ಕೇಳುತ್ತಾನೆ. ಬೇಡಿಕೆ ಪೂರೈಸಲು ನಡುಭಾಗವನ್ನು ಮೊದಲು ಜೋಡಿಸಿ, ಕೊನೆಗೆ ಮಿಷನ್ನಿನಿಂದ ಪಟ್ಟಿ ಕೂಡಿಸುವ ಪದ್ಧತಿ ಹುಟ್ಟಿಕೊಂಡರೆ ಆಶ್ಚರ್ಯಪಡಬೇಕಾಗಿಲ್ಲ. ಇದನ್ನು ಅವನತಿಯೆಂದು ಕರೆಯಲು ನನಗೆ ಮನಸ್ಸಿಲ್ಲ, ಹೊಲಿಯುವವರಿಗೆ ಕೂಲಿ ಸಿಗುವುದು ಅದರಿಂದಲೇ. ಅಂಥ ಕೆಲಸಕ್ಕೆ ನಡುವೆ ಅಳೆದು ಪಟ್ಟಿ ಕತ್ತರಿಸುವ ಅಮೆರಿಕಾದ ನಿಯಮವೇ ಸರಿ. ಆದರೆ ದಾಖಲೆಯಲ್ಲಿ ಎರಡನ್ನೂ ‘ಸಾಂಪ್ರದಾಯಿಕ ಕೌದಿ’ ಎಂಬ ಒಂದೇ ತಲೆಬರಹದಡಿ ಸೇರಿಸುವುದು ತಪ್ಪು. ಒಂದು ಅಂಚಿನಿಂದ ಹುಟ್ಟಿದ್ದು, ಇನ್ನೊಂದಕ್ಕೆ ಅಂಚು ಆಮೇಲೆ ಬಂದದ್ದು.

ಇದಕ್ಕಿಂತ ದೊಡ್ಡ ಅಪಾಯ ಸಂರಕ್ಷಣೆಯ ಹೆಸರಿನಲ್ಲಿ ಒದಗಬಹುದು. ಪ್ರದರ್ಶನದ ಚೌಕಟ್ಟಿಗೆ ಹೊಂದಲೆಂದು ಹಳೆಯ ಕೌದಿಯ ಸವೆದ ಅಂಚನ್ನು ಕತ್ತರಿಸಿ, ಹೊಸ ಪಟ್ಟಿ ಹಚ್ಚಿ ಮೂಲೆ ನೇರ ಮಾಡಿದರೆ ಕೌದಿಯ ಮೊದಲ ಅಳತೆಯೇ ನಾಶವಾಗುತ್ತದೆ. ಮರಳಿ ಪಡೆಯಲು ಬಾರದ ನಷ್ಟವಿದು. ದಾಖಲಿಸುವವರು ಮೂರು ಅಗಲ, ಮೂರು ಉದ್ದ ಮತ್ತು ಎರಡು ಓರೆ ಅಳತೆಗಳನ್ನು ಬರೆದುಕೊಳ್ಳಬೇಕು. ತಳದ ಬಟ್ಟೆಯ ದಡಿ ಯಾವ ಬದಿಗಿದೆ, ಹೊಲಿಗೆ ಯಾವ ಮೂಲೆಯಿಂದ ಹೊರಟಿದೆ, ಕೊನೆಯ ತುಂಡಿನ ಆಕಾರವೇನು ಎಂಬುದನ್ನು ಗುರುತಿಸಬೇಕು. ಕೌದಿಯನ್ನು ಹಿಂಬದಿಯಿಂದಲೂ ನೋಡಬೇಕು, ಹೊಲಿಗೆಯ ಸುತ್ತುಗಳು ತುಂಡುಗಳ ಗದ್ದಲವಿಲ್ಲದೆ ಕಾಣುವುದು ಅಲ್ಲಿಯೇ.

ಕೊನೆಯದಾಗಿ ಒಂದು ಸೂಚನೆ. ಜೀರ್ಣವಾದ ಕೌದಿಯನ್ನು ಎಸೆಯದೆ ಹೊಸ ಕೌದಿಗೆ ಒಳಪದರವಾಗಿ ಇಡುವುದುಂಟು. ಅಂಥ ಕೌದಿಯ ತೂಕ ಹೆಚ್ಚು, ಅಂಚು ಮಾತ್ರ ತೆಳುವಾಗಿರುತ್ತದೆ. ಹೊರ ಅಂಚಿನಿಂದ ಕೆಲವು ಬೆರಳು ಒಳಗೆ ಕೈಯಿಂದ ಒತ್ತಿ ತಡವಿದರೆ ಏಣಿನಂಥ ಒಂದು ದಪ್ಪ ಗೆರೆ ಸಿಗುತ್ತದೆ. ಅದು ಹಿಂದಿನ ಕೌದಿಯ ಅಂಚು. ಬಿಚ್ಚದೆಯೇ, ಆ ಗೆರೆಯ ಗುಂಟ ಟೇಪು ಹಿಡಿದು, ಹೊರಗಿನ ಕೌದಿಯ ಅಳತೆಯ ಪಕ್ಕದಲ್ಲಿ ಅದನ್ನೂ ಬರೆದಿಡಬಹುದು.